ಒಂದು ಭವಿಷ್ಯವಾಣಿಯ ಚರಿತ್ರೆ: ಲೌಕಿಕೀಕರಣ ಸಿದ್ಧಾಂತ ಮತ್ತು ಸಭೆ

1968ರಲ್ಲಿ ಸಮಾಜಶಾಸ್ತ್ರಜ್ಞ ಪೀಟರ್ ಬರ್ಗರ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಮೂಲಕ ಒಂದು ಭವಿಷ್ಯವನ್ನು ನುಡಿದರು. ಇಪ್ಪತ್ತೊಂದನೆಯ ಶತಮಾನದ ಹೊತ್ತಿಗೆ ಧರ್ಮಶ್ರದ್ಧೆಯುಳ್ಳವರು ಸಣ್ಣ ಪಂಗಡಗಳಲ್ಲಿ ಮಾತ್ರ ಕಾಣಸಿಗುವರು ಎಂಬುದು ಅದರ ಸಾರ. ಹೀಗೆ ನುಡಿದವರು ನಂಬಿಕೆಯ ವಿರೋಧಿಯಾಗಿರಲಿಲ್ಲ. ವಿಯೆನ್ನಾದಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಬರ್ಗರ್ ಲೂಥರನ್ ಕ್ರೈಸ್ತರು. ಮೂರು ದಶಕಗಳ ನಂತರ, 1999ರಲ್ಲಿ ತಾವು ಸಂಪಾದಿಸಿದ ಗ್ರಂಥವೊಂದರಲ್ಲಿ, ನಾವು ಲೌಕಿಕೀಕೃತ ಜಗತ್ತಿನಲ್ಲಿದ್ದೇವೆಂಬ ಗ್ರಹಿಕೆ ತಪ್ಪೆಂದು ಅವರೇ ಬರೆದರು. ಒಬ್ಬ ವಿದ್ವಾಂಸರ ಈ ಎರಡು ಮಾತುಗಳ ನಡುವೆ ಆಧುನಿಕ ಸಮಾಜಶಾಸ್ತ್ರದ ಒಂದು ಮುಖ್ಯ ಅಧ್ಯಾಯವಿದೆ. ಆ ಚರಿತ್ರೆಯಿಂದ ದೈವಶಾಸ್ತ್ರದ ಅಭ್ಯಾಸಿಗಳಾದ ನಾವು ಕಲಿಯಬೇಕಾದುದೇನೆಂಬುದು ಈ ಲೇಖನದ ವಿಷಯ.

ಮೊದಲು ಪದದ ಕುರಿತು ಒಂದು ಮಾತು. 'ಸೆಕ್ಯುಲರ್' ಎಂಬುದಕ್ಕೆ ಕನ್ನಡದಲ್ಲಿ 'ಧರ್ಮನಿರಪೇಕ್ಷ', 'ಜಾತ್ಯತೀತ' ಎಂಬ ಪದಗಳು ರೂಢಿಯಲ್ಲಿವೆ. ಇವು ಮುಖ್ಯವಾಗಿ ರಾಜ್ಯದ ನೀತಿಯನ್ನು ಸೂಚಿಸುತ್ತವೆ. ಸಮಾಜದ ಬದುಕಿನಲ್ಲಿ ಧರ್ಮದ ಸ್ಥಾನ ಬದಲಾಗುವ ಪ್ರಕ್ರಿಯೆ ಬೇರೆ. ಅದನ್ನು ಇಲ್ಲಿ 'ಲೌಕಿಕೀಕರಣ' ಎಂದು ಕರೆಯುತ್ತೇವೆ. ಆದರೆ 'ಜಾತ್ಯತೀತ' ಎಂಬ ಪದವನ್ನು ನಾವು ಮರೆಯುವಂತಿಲ್ಲ. ಅದು ಲೇಖನದ ಕೊನೆಯಲ್ಲಿ ನಮ್ಮನ್ನೇ ಪ್ರಶ್ನಿಸಲಿದೆ.

ಸಿದ್ಧಾಂತದ ಹುಟ್ಟು

ಸಮಾಜಶಾಸ್ತ್ರವು ಹುಟ್ಟಿನಿಂದಲೇ ಧರ್ಮದ ಅವಸಾನದ ಚಿಂತೆಯೊಂದಿಗೆ ಬೆಳೆದ ಶಾಸ್ತ್ರ. ಅದಕ್ಕೆ ಹೆಸರಿತ್ತ ಫ್ರಾನ್ಸಿನ ಆಗಸ್ಟ್ ಕೋಂಟ್, ಮಾನವನ ಚಿಂತನೆಯು ದೈವಿಕ, ತಾತ್ತ್ವಿಕ, ವೈಜ್ಞಾನಿಕ ಎಂಬ ಮೂರು ಹಂತಗಳನ್ನು ಹಾಯುತ್ತದೆಂದು ಬಗೆದರು. ಯೆಹೂದಿ ಗುರುವೊಬ್ಬರ ಮಗನಾಗಿದ್ದ ಎಮಿಲ್ ಡರ್ಕಹೈಮ್ 1912ರ ತಮ್ಮ ಗ್ರಂಥದಲ್ಲಿ, ಪವಿತ್ರವಾದುದರ ಸುತ್ತ ನೆರೆಯುವ ಸಮುದಾಯವು ಅಲ್ಲಿ ತನ್ನ ಒಗ್ಗಟ್ಟಿನ ಬಲವನ್ನೇ ಅನುಭವಿಸುತ್ತದೆಂದು ವಾದಿಸಿದರು. ಹಳೆಯ ದೇವರುಗಳು ಮಂಕಾಗುತ್ತಿದ್ದರೂ ಯಾವುದೋ ಒಂದು ರೂಪದ ಪವಿತ್ರತೆಯಿಲ್ಲದೆ ಸಮಾಜ ನಿಲ್ಲಲಾರದೆಂಬುದು ಅವರ ನಿಲುವು.

ಜರ್ಮನಿಯ ಮ್ಯಾಕ್ಸ್ ವೇಬರ್ ಇನ್ನೂ ಸೂಕ್ಷ್ಮವಾದ ಕಥೆಯನ್ನು ಹೇಳಿದರು. 1904-05ರಲ್ಲಿ ಪ್ರಕಟವಾದ ಪ್ರಬಂಧಗಳಲ್ಲಿ ಅವರು, ಕ್ಯಾಲ್ವಿನ್ ಪಂಥದ ಹಾಗೂ ಅದಕ್ಕೆ ಹತ್ತಿರವಾದ ಪ್ರಾಟೆಸ್ಟಂಟ್ ಪಂಗಡಗಳ ಕಟ್ಟುನಿಟ್ಟಿನ ದುಡಿಮೆಯ ಶಿಸ್ತು ಆಧುನಿಕ ಬಂಡವಾಳಶಾಹಿಯ ಮನೋಧರ್ಮವನ್ನು ರೂಪಿಸಲು ನೆರವಾಯಿತೆಂದೂ, ಮುಂದೆ ಆ ಆರ್ಥಿಕ ವ್ಯವಸ್ಥೆಗೆ ನಂಬಿಕೆಯ ಊರುಗೋಲೇ ಬೇಡವಾಯಿತೆಂದೂ ತೋರಿಸಿದರು. ವೇಬರರ ಕಥೆಯಲ್ಲಿ ಲೌಕಿಕತೆಯು ಹೊರಗಿನಿಂದ ದಾಳಿಯಿಟ್ಟ ಶತ್ರುವಲ್ಲ. ಕ್ರೈಸ್ತರ ಶ್ರದ್ಧೆಯೇ ತಾನರಿಯದೆ ಹೆತ್ತ ಮಗು.

ನಿಶ್ಚಯದ ದಶಕ

ಈ ಹಿರಿಯರು ಎಚ್ಚರದಿಂದ ಆಡಿದ ಮಾತು 1960ರ ದಶಕದಲ್ಲಿ ನಿಶ್ಚಿತ ನಿಯಮದ ರೂಪವನ್ನು ತಾಳಿತು. ನಗರಗಳು ಬೆಳೆದಂತೆ, ಕೈಗಾರಿಕೆ ಮತ್ತು ಶಿಕ್ಷಣ ಹರಡಿದಂತೆ ಧರ್ಮ ಕುಗ್ಗುತ್ತದೆ ಎಂಬುದೇ ಆ ನಿಯಮ. ಇಂಗ್ಲೆಂಡಿನಲ್ಲಿ ಬ್ರಯನ್ ವಿಲ್ಸನ್ 1966ರಲ್ಲಿ ಧರ್ಮವು ತನ್ನ ಸಾಮಾಜಿಕ ಮಹತ್ತ್ವವನ್ನು ಕಳೆದುಕೊಳ್ಳುತ್ತಿದೆಯೆಂದು ವಿವರಿಸಿದರು. ಮರುವರ್ಷ ಬರ್ಗರ್ ತಮ್ಮ 'ದಿ ಸೇಕ್ರೆಡ್ ಕ್ಯಾನೊಪಿ' ಗ್ರಂಥದಲ್ಲಿ, ಧರ್ಮವು ಸಮಾಜದ ಮೇಲೆ ಹರಡಿದ ಪವಿತ್ರ ಚಪ್ಪರದಂತಿತ್ತೆಂದೂ, ಹಲವು ಧರ್ಮಗಳೂ ದರ್ಶನಗಳೂ ಅಕ್ಕಪಕ್ಕದಲ್ಲಿ ನಿಂತಾಗ ಯಾವ ಚಪ್ಪರವೂ ಪ್ರಶ್ನಾತೀತವಾಗಿ ಉಳಿಯದೆಂದೂ ವಾದಿಸಿದರು.

ಆಗ ದೈವಶಾಸ್ತ್ರಜ್ಞರು ಏನು ಮಾಡಿದರು? ಕೆಲವರು ಈ ನಿಯಮವನ್ನು ಸ್ವಾಗತಿಸಿದರು. 1965ರಲ್ಲಿ ಹಾರ್ವಿ ಕಾಕ್ಸ್ ಪ್ರಕಟಿಸಿದ 'ದಿ ಸೆಕ್ಯುಲರ್ ಸಿಟಿ' ಗ್ರಂಥವು ಲೌಕಿಕೀಕರಣದ ಬೇರುಗಳನ್ನು ಸತ್ಯವೇದದಲ್ಲೇ ಗುರುತಿಸಿತು. ಸೃಷ್ಟಿಯ ವೃತ್ತಾಂತವು ಪ್ರಕೃತಿಯನ್ನು ದೈವತ್ವದಿಂದ ಬಿಡಿಸಿತು. ಐಗುಪ್ತದಿಂದಾದ ವಿಮೋಚನೆಯು ಅರಸನ ಪವಿತ್ರತೆಯನ್ನು ಮುರಿಯಿತು. ಸೀನಾಯಿ ಬೆಟ್ಟದ ಒಡಂಬಡಿಕೆಯು ಮನುಷ್ಯನಿರ್ಮಿತ ಮೌಲ್ಯಗಳ ಪೂಜೆಯನ್ನು ನಿಷೇಧಿಸಿತು ಎಂಬುದು ಕಾಕ್ಸರ ವಾದ. ಈ ಒಳನೋಟದ ಬೆಲೆ ಇಂದಿಗೂ ಕಡಿಮೆಯಾಗಿಲ್ಲ. ಆದರೆ ಸಮಾಜಶಾಸ್ತ್ರಜ್ಞರ ಅಂದಾಜನ್ನು ಆಗಲೇ ನೆರವೇರಿದ ಸತ್ಯವೆಂದು ಎಣಿಸಿ ಅದರ ಮೇಲೆ ದೈವಶಾಸ್ತ್ರವನ್ನು ಕಟ್ಟಿದುದು ಆತುರವಾಗಿತ್ತು. ಅದೇ 1965ರಲ್ಲಿ ಇಂಗ್ಲೆಂಡಿನ ಡೇವಿಡ್ ಮಾರ್ಟಿನ್ ಈ ಪರಿಕಲ್ಪನೆಯನ್ನೇ ಕೈಬಿಡಬೇಕೆಂದು ವಾದಿಸಿದ್ದರು. ಅದರೊಳಗೆ ವಿಜ್ಞಾನಕ್ಕಿಂತ ಇತಿಹಾಸದ ಕುರಿತಾದ ಪೂರ್ವನಿಶ್ಚಿತ ನಂಬಿಕೆಯೇ ಹೆಚ್ಚೆಂಬುದು ಅವರ ಆಕ್ಷೇಪ. ಅವರ ಮಾತಿಗೆ ಕಿವಿಗೊಟ್ಟವರು ಅಂದು ಕಡಿಮೆ.

ಇತಿಹಾಸದ ತಿದ್ದುಪಡಿ

ಸಿದ್ಧಾಂತವನ್ನು ಮೊದಲು ಅಲುಗಿಸಿದ್ದು ಜಗತ್ತಿನ ಘಟನೆಗಳು. 1979ರಲ್ಲಿ ಇರಾನಿನಲ್ಲಿ ಧರ್ಮದ ಹೆಸರಿನಲ್ಲಿ ಕ್ರಾಂತಿಯಾಯಿತು. 1980ರಲ್ಲಿ ಪೋಲೆಂಡಿನ ಹಡಗುಕಟ್ಟೆಯ ಕಾರ್ಮಿಕರು ಮರಿಯಮ್ಮನವರ ಚಿತ್ರವನ್ನು ಮುಂದಿಟ್ಟುಕೊಂಡು ಮುಷ್ಕರ ಹೂಡಿದರು. ಲ್ಯಾಟಿನ್ ಅಮೆರಿಕದ ನಗರಗಳಲ್ಲಿ, ಸಿದ್ಧಾಂತದ ಪ್ರಕಾರ ಧರ್ಮ ಕ್ಷೀಣಿಸಬೇಕಾಗಿದ್ದ ಸ್ಥಳಗಳಲ್ಲೇ, ಪೆಂತೆಕೊಸ್ತು ಸಭೆಗಳು ತುಂಬತೊಡಗಿದವು. ಈ ಬೆಳವಣಿಗೆಯನ್ನು ಮಾರ್ಟಿನ್ 1990ರಲ್ಲಿ ಗ್ರಂಥರೂಪದಲ್ಲಿ ವಿವರಿಸಿದರು. ಕಾಕ್ಸ್ ಕೂಡ 1995ರಲ್ಲಿ ಪೆಂತೆಕೊಸ್ತು ಚಳವಳಿಯ ಮೇಲೆ ಗ್ರಂಥ ಬರೆದು ತಮ್ಮ ಹಿಂದಿನ ಎಣಿಕೆಯನ್ನು ತಿದ್ದಿಕೊಂಡರು.

ಹೋಸೆ ಕಸನೋವ ಅವರು 1994ರಲ್ಲಿ ಈ ಗೋಜಲನ್ನು ಬಿಡಿಸಿದರು. ಅವರ ಪ್ರಕಾರ ಲೌಕಿಕೀಕರಣವೆಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಹೇಳಿಕೆಗಳು ಅಡಗಿದ್ದವು. ರಾಜ್ಯ, ಮಾರುಕಟ್ಟೆ, ವಿಜ್ಞಾನಗಳು ಧರ್ಮಸಂಸ್ಥೆಯ ಹಿಡಿತದಿಂದ ಬೇರ್ಪಡುವುದು ಒಂದು. ಜನರ ನಂಬಿಕೆ ಮತ್ತು ಆಚರಣೆಗಳು ಕುಗ್ಗುವುದು ಎರಡು. ಧರ್ಮವು ಸಾರ್ವಜನಿಕ ಬದುಕನ್ನು ತೊರೆದು ಮನೆಯೊಳಗೆ ಸೇರುವುದು ಮೂರು. ಮೊದಲನೆಯದು ಆಧುನಿಕ ಸಮಾಜದ ನಿಜ ಲಕ್ಷಣ. ಉಳಿದೆರಡು ಅದರ ಅನಿವಾರ್ಯ ಫಲಗಳಲ್ಲ. ಅವು ಕೆಲವೆಡೆ ನಡೆದಿವೆ, ಕೆಲವೆಡೆ ನಡೆದಿಲ್ಲ. ಬರ್ಗರ್ ಸಹ ತಮ್ಮ ಕೊನೆಯ ವರ್ಷಗಳಲ್ಲಿ, ಆಧುನಿಕತೆಯು ಅನಿವಾರ್ಯವಾಗಿ ತರುವುದು ಧರ್ಮದ ಅಂತ್ಯವನ್ನಲ್ಲ, ಬಹುತ್ವವನ್ನು ಎಂಬ ನಿಲುವಿಗೆ ಬಂದರು.

ಹಾಗೆಂದು ಹಳೆಯ ಸಿದ್ಧಾಂತ ಪೂರ್ತಿ ಸುಳ್ಳಾಯಿತೆಂದು ನಾವು ಸಂಭ್ರಮಿಸುವಂತಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ ಜನಗಣತಿಯಲ್ಲಿ ತಮ್ಮನ್ನು ಕ್ರೈಸ್ತರೆಂದು ಕರೆದುಕೊಂಡವರು 2001ರಲ್ಲಿ ಶೇ. 71.7 ಇದ್ದರು, 2021ರಲ್ಲಿ ಅವರು ಶೇ. 46.2ಕ್ಕೆ ಇಳಿದರು. ಬರ್ಗರರ ಮಾತು ಜಗತ್ತಿಗೆ ಅನ್ವಯಿಸಲಿಲ್ಲ. ಸುವಾರ್ತಿಕರನ್ನು ನಮ್ಮೆಡೆಗೆ ಕಳುಹಿಸಿದ ನಾಡುಗಳಲ್ಲಿ ಅದು ಬಹುಮಟ್ಟಿಗೆ ನಿಜವಾಗುತ್ತಿದೆ.

ನಮ್ಮ ನೆಲದ ಸಾಕ್ಷ್ಯ

ಕರ್ನಾಟಕದ ಚರಿತ್ರೆಯೂ ಈ ಚರ್ಚೆಗೆ ಸಾಕ್ಷ್ಯವನ್ನು ಒದಗಿಸುತ್ತದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್, ಜರ್ಮನಿಯ ವ್ಯುರ್ಟೆಂಬರ್ಗ್ ಪ್ರಾಂತದ ಭಕ್ತಿಪಂಥದ ಹಿನ್ನೆಲೆಯುಳ್ಳ ಸಂಸ್ಥೆ. ಕ್ರೈಸ್ತರಾದುದರಿಂದ ಕುಲಕಸುಬನ್ನೂ ಬಂಧುಬಳಗದ ಆಸರೆಯನ್ನೂ ಕಳೆದುಕೊಂಡವರಿಗಾಗಿ ಅದು ನೇಯ್ಗೆಯನ್ನೂ ಹಂಚಿನ ಕಾರ್ಖಾನೆಗಳನ್ನೂ ನಡೆಸಿತು. ಯುರೋಪಿನಲ್ಲಿ ಕಾರ್ಖಾನೆಯು ಜನರನ್ನು ಹಳ್ಳಿಯ ಸಭೆಯಿಂದ ಸೆಳೆದೊಯ್ದಿತೆಂದು ಸಿದ್ಧಾಂತ ಹೇಳುತ್ತದೆ. ಕರಾವಳಿಯಲ್ಲಿ ಕಾರ್ಖಾನೆಯೂ ಸಭೆಯೂ ಒಟ್ಟೊಟ್ಟಿಗೆ ಕಟ್ಟಲ್ಪಟ್ಟವು. ಕೈಗಾರಿಕೆಯೆಂದರೆ ಧರ್ಮದ ಕ್ಷಯವೆಂಬ ಸಮೀಕರಣ ಇಲ್ಲಿ ನಿಲ್ಲುವುದಿಲ್ಲ.

ಎರಡನೆಯ ಸಾಕ್ಷ್ಯ ಮೈಸೂರಿನಲ್ಲಿ ಹುಟ್ಟಿದ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರದು. ವಿಲ್ಸನ್ ಗ್ರಂಥ ಹೊರಬಂದ 1966ರಲ್ಲೇ ಶ್ರೀನಿವಾಸರ 'ಸೋಷಿಯಲ್ ಚೇಂಜ್ ಇನ್ ಮಾಡರ್ನ್ ಇಂಡಿಯ' ಪ್ರಕಟವಾಯಿತು. ಅದರಲ್ಲಿ ಲೌಕಿಕೀಕರಣಕ್ಕೇ ಮೀಸಲಾದ ಅಧ್ಯಾಯವಿದೆ. ಅವರು ದೇವಾಲಯಕ್ಕೆ ಹೋಗುವವರ ಸಂಖ್ಯೆಯನ್ನು ಅಳತೆಗೋಲಾಗಿ ಹಿಡಿಯಲಿಲ್ಲ. ಹಿಂದೂ ಸಮಾಜದ ನಿತ್ಯಜೀವನದಲ್ಲಿ ಮಡಿ-ಮೈಲಿಗೆಯ ಭಾವನೆ ಎಷ್ಟು ಸಡಿಲವಾಗಿದೆಯೆಂದು ನೋಡಿದರು. ನಗರವಾಸ, ಪ್ರಯಾಣ, ಹೊಸ ಶಿಕ್ಷಣಗಳು ಆ ಕಟ್ಟನ್ನು ಸಡಿಲಿಸುತ್ತಿದ್ದುದನ್ನು ಅವರು ಕಂಡರು. ಅದೇ ರೈಲು, ಅದೇ ಮುದ್ರಣಯಂತ್ರ, ಅದೇ ರೇಡಿಯೊ ಸಂಸ್ಕೃತೀಕರಣದ ಹರವಿಗೆ ನೆರವಾದುದನ್ನೂ ಅವರು ಗುರುತಿಸಿದ್ದರು. ಒಂದೇ ಆಧುನಿಕತೆ ಧರ್ಮದ ಒಂದು ಮುಖವನ್ನು ಕರಗಿಸಿ ಇನ್ನೊಂದನ್ನು ಬಲಪಡಿಸಬಲ್ಲದೆಂಬುದನ್ನು ಅವರು ಹೀಗೆ ಕಸನೋವರಿಗಿಂತ ಬಹಳ ಹಿಂದೆಯೇ ತೋರಿಸಿದ್ದರು.

ಸಭೆಗೆ ಒದಗುವ ಪ್ರಯೋಜನ

ಭವಿಷ್ಯ ನುಡಿದವನ ಮಾತು ನೆರವೇರದಿದ್ದರೆ ಅವನಿಗೆ ಹೆದರಬೇಕಿಲ್ಲವೆಂದು ಧರ್ಮೋಪದೇಶಕಾಂಡದ ಹದಿನೆಂಟನೆಯ ಅಧ್ಯಾಯ ಬೋಧಿಸುತ್ತದೆ. ಅದರಂತೆ ಸಮಾಜಶಾಸ್ತ್ರದ ಭವಿಷ್ಯವಾಣಿಗೆ ನಾವು ಹೆದರಬೇಕಿಲ್ಲ. ಆದರೆ ಅದರ ಪ್ರಶ್ನೆಗಳನ್ನು ತಳ್ಳಿಹಾಕುವುದೂ ತರವಲ್ಲ. ತಮ್ಮ ತಪ್ಪನ್ನು ಗ್ರಂಥಮುಖೇನ ಒಪ್ಪಿಕೊಂಡ ಬರ್ಗರ್, ಪಶ್ಚಾತ್ತಾಪವನ್ನು ಸಾರುವ ನಮಗೇ ಒಂದು ಪಾಠವನ್ನಿತ್ತಿದ್ದಾರೆ.

ಆ ಪಾಠಕ್ಕೆ ಎರಡು ಮುಖಗಳಿವೆ. ಅರವತ್ತರ ದಶಕದ ದೈವಶಾಸ್ತ್ರವು ಬರಿದಾಗುತ್ತಿದ್ದ ಪೀಠಗಳಲ್ಲಿ ದೇವರ ಚಿತ್ತವನ್ನು ಓದಿತು. ಇಂದು ತುಂಬಿದ ಸಭಾಂಗಣಗಳಲ್ಲಿ ಅದನ್ನು ಓದಲು ನಾವು ಆತುರಪಡುತ್ತಿದ್ದೇವೆ. ಎರಡೂ ಒಂದೇ ತಪ್ಪು. ಸುವಾರ್ತೆಯ ಸತ್ಯಕ್ಕೆ ತಲೆಯೆಣಿಕೆ ಪ್ರಮಾಣವಲ್ಲ. ಶಿಲುಬೆಯ ಬುಡದಲ್ಲಿ ನಿಂತವರು ಕೆಲವರೇ.

ಎರಡನೆಯ ಮುಖ ನಮ್ಮನ್ನು ಇನ್ನಷ್ಟು ತಟ್ಟಬೇಕು. ಶ್ರೀನಿವಾಸರ ಅಳತೆಗೋಲನ್ನು ಹಿಡಿದರೆ ಲೌಕಿಕೀಕರಣವು ಸಭೆ ಭಯಪಡಬೇಕಾದ ಸಂಗತಿಯೇ ಅಲ್ಲ. ಮಡಿ-ಮೈಲಿಗೆಯ ಗೋಡೆ ಬೀಳುವುದು ಗಲಾತ್ಯದವರಿಗೆ ಪೌಲನು ಬರೆದ ಪತ್ರಿಕೆಯ ಆಶಯಕ್ಕೆ ಹತ್ತಿರವಾದುದು. ಆದರೆ ನಮ್ಮ ಸಭೆಗಳಲ್ಲಿ ಸಂಬಂಧ ಕುದುರಿಸುವಾಗ ಯಾವ ಮನೆತನ, ಯಾವ ಮೂಲ ಎಂಬ ವಿಚಾರಣೆ ಇನ್ನೂ ನಡೆಯುತ್ತದೆ. ಸಭಾ ಚುನಾವಣೆಯ ದಿನಗಳಲ್ಲಿ ಅದೇ ಲೆಕ್ಕ ಪಿಸುಮಾತಿನಲ್ಲಿ ಸಾಗುತ್ತದೆ. ರೈಲಿನ ಡಬ್ಬಿಯಲ್ಲಿಯೂ ಹೋಟೆಲಿನ ಮೇಜಿನಲ್ಲಿಯೂ ಸಡಿಲವಾದ ಭೇದವು ಕರ್ತನ ಮೇಜಿನ ಸುತ್ತ ಉಳಿದಿದ್ದರೆ, ಲೋಕವು ನಮಗಿಂತ ಮುಂದೆ ನಡೆದಿದೆಯೆಂದೇ ಅರ್ಥ.

ಆದುದರಿಂದ ನಮ್ಮ ವೇದಶಾಲೆಗಳಲ್ಲಿ ಸಮಾಜಶಾಸ್ತ್ರವನ್ನು ಕಲಿಸುವಾಗ, ನಾಳೆ ಸಭೆ ಉಳಿಯುವುದೇ ಎಂಬ ಪ್ರಶ್ನೆಗೆ ಅದರಿಂದ ಉತ್ತರ ಬಯಸುವುದು ಬೇಡ. ಆ ಉತ್ತರ ಸಭೆಯ ಕರ್ತನ ಕೈಯಲ್ಲಿದೆ. ಇಂದು ಸಭೆ ಹೇಗೆ ಬದುಕುತ್ತಿದೆ, ಯಾರು ಒಳಗಿದ್ದಾರೆ, ಯಾರು ಬಾಗಿಲಲ್ಲೇ ನಿಂತಿದ್ದಾರೆ ಎಂಬುದನ್ನು ಕಾಣಲು ಅದು ಕಣ್ಣು ಕೊಡುತ್ತದೆ. ರಾಜ್ಯವು ಜಾತ್ಯತೀತವಾಗಿರಬೇಕೆಂದು ನಾವು ನ್ಯಾಯವಾಗಿಯೇ ಕೇಳುತ್ತೇವೆ. ಸಭೆಯು ಜಾತ್ಯತೀತವಾಗಿದೆಯೇ ಎಂಬ ಪ್ರಶ್ನೆಗೆ ಮೊದಲು ನಾವು ಉತ್ತರಿಸಬೇಕಾಗಿದೆ.