ಬ್ರಹ್ಮಾವರದಿಂದ ಅಂತಿಯೋಕ್ಯಕ್ಕೆ

ಆರ್ಥಡಾಕ್ಸ್ ಚರ್ಚ್ ಅಂದ ತಕ್ಷಣ ಕಣ್ಮುಂದೆ ಬರೋದು ರಷ್ಯಾ, ರೊಮೇನಿಯಾ. ಈರುಳ್ಳಿ ಆಕಾರದ ಗುಮ್ಮಟಗಳು, ಉದ್ದ ಗಡ್ಡದ ಪಾದ್ರಿಗಳು. ಆದರೆ ನಮ್ಮ ಉಡುಪಿ ಜಿಲ್ಲೆಯ ಬ್ರಹ್ಮಾವರದಲ್ಲೇ ಒಂದು ಆರ್ಥಡಾಕ್ಸ್ ಕೆಥೆಡ್ರಲ್ ಇದೆ, ಗೊತ್ತಾ? ಸೇಂಟ್ ಮೇರಿಸ್ ಸಿರಿಯನ್ ಕೆಥೆಡ್ರಲ್. ಯಾದಗಿರಿಯ ರಾಮಸಮುದ್ರದಲ್ಲಿ ಬೆಳೆದ ನಾನು ಅದನ್ನು ನೋಡಬೇಕು ಅಂತಲೇ ಘಟ್ಟ ಇಳಿದೆ.

ಒಳಗೆ ಕೂತವರು ಕೊಂಕಣಿ ಮಾತಾಡುತ್ತಿದ್ದರು. ಗೋವಾ ಮೂಲದ ಮನೆತನಗಳು, ಪೋರ್ಚುಗೀಸ್ ಅಡ್ಡಹೆಸರುಗಳು. ಇವರು ಪೋಪ್ ಬಿಟ್ಟು ಸಿರಿಯಾದ ಅಂತಿಯೋಕ್ಯದ ಕಡೆ ತಿರುಗಿದ್ದು ಯಾಕೆ?

ದೇವರ ವಿಷಯಕ್ಕೆ ಜಗಳ ಆಗಿರಲಿಲ್ಲ ವೀಕ್ಷಕರೇ. ಜಗಳ ಯಜಮಾನಿಕೆಯದ್ದು. ಕರಾವಳಿಯ ಕೆಥೋಲಿಕರ ಮೇಲೆ ಇಬ್ಬರಿಗೆ ಹಕ್ಕಿತ್ತು. ಒಂದು ಕಡೆ ಪೋರ್ಚುಗಲ್ ರಾಜನ ಆಶ್ರಯದ ಗೋವಾ, ಇನ್ನೊಂದು ಕಡೆ ನೇರವಾಗಿ ರೋಮ್. 1886ರಲ್ಲಿ ರೋಮ್ ಮತ್ತು ಪೋರ್ಚುಗಲ್ ಒಪ್ಪಂದ ಮಾಡಿಕೊಂಡವು. ಅದೇ ವರ್ಷ ಮಂಗಳೂರು ಪ್ರತ್ಯೇಕ ಧರ್ಮಪ್ರಾಂತ್ಯ ಆಯ್ತು. ತಲೆಮಾರುಗಳಿಂದ ಗೋವಾವನ್ನೇ ತವರು ಅಂದುಕೊಂಡಿದ್ದವರನ್ನು ಯಾರೂ ಕೇಳಲಿಲ್ಲ. ದೊಡ್ಡವರು ಕಾಗದಕ್ಕೆ ಸಹಿ ಹಾಕಿದರು, ಊರಿನ ಇಗರ್ಜಿ ಕೈ ಬದಲಾಯಿತು. ನನ್ನ ಪ್ರಕಾರ ಸಿಟ್ಟು ಬಂದದ್ದು ನ್ಯಾಯವೇ.

ಆ ಸಿಟ್ಟಿಗೆ ದಾರಿ ತೋರಿಸಿದವರು ಇಬ್ಬರು. ಒಬ್ಬರು ಗೋವಾದ ವೆರ್ಣಾ ಊರಿನ ಪಾದ್ರಿ ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೆರ್ ಆಲ್ವಾರಿಸ್. 1889ರ ಜುಲೈ 29ರಂದು ಕೊಟ್ಟಾಯಂನಲ್ಲಿ ಮಲಂಕರದ ಬಿಷಪರು ಅವರನ್ನು ಮಾರ್ ಜೂಲಿಯಸ್ ಎಂಬ ಹೆಸರಿನಿಂದ ಮೆಟ್ರೊಪಾಲಿಟನ್ ಮಾಡಿದರು. ಇನ್ನೊಬ್ಬರು ಬ್ರಹ್ಮಾವರದ ಜನರ ಜೊತೆ ನಿಂತ ಫಾದರ್ ರೋಕ್ ಜೆಫ್ರಿನ್ ನೊರೊನ್ಹಾ. ಸ್ವಾರಸ್ಯ ನೋಡಿ, ಹೊಸ ಮನೆಗೆ ಹೋದರೂ ಇವರಿಗೆ ಹಳೆಯ ಲ್ಯಾಟಿನ್ ಕ್ರಮದ ಪೂಜೆಯನ್ನೇ ಉಳಿಸಿಕೊಳ್ಳಲು ಅನುಮತಿ ಸಿಕ್ಕಿತ್ತು. ಸಿರಿಯನ್ ಕ್ರಮ ಬಂದದ್ದು ಆಮೇಲೆ.

(ಇನ್ನೊಂದು ಮಾತು. ರೊಮೇನಿಯಾದ ಆರ್ಥಡಾಕ್ಸೂ ಇದೂ ಒಂದೇ ಅಲ್ಲ. 451ರ ಕ್ಯಾಲ್ಸಿಡನ್ ಸಭೆಯಲ್ಲಿ ಕ್ರಿಸ್ತನ ಸ್ವರೂಪದ ಬಗ್ಗೆ ವಾದ ನಡೆದು, ಆಗಲೇ ಮನೆ ಎರಡಾಗಿತ್ತು.)

ಆಲ್ವಾರಿಸರು ಬೆಲೆ ತೆತ್ತರು. ಗೋವಾದಲ್ಲಿ ಪೋರ್ಚುಗೀಸ್ ಸರ್ಕಾರ ಅವರನ್ನು ಬಂಧಿಸಿ, ಧರ್ಮವಸ್ತ್ರ ಕಳಚಿಸಿತು. ಆದರೂ ಊರು ಬಿಡಲಿಲ್ಲ. ಪಣಜಿಯಲ್ಲಿ ಬಡವರಿಗೆ ಆಶ್ರಯ ಕೊಟ್ಟರು, ಕಾಲರಾಕ್ಕೆ ಏನು ಮಾಡಬೇಕು ಅಂತ ಪುಸ್ತಿಕೆ ಬರೆದರು, ಬರಗಾಲಕ್ಕೆ ಆಗುತ್ತೆ ಅಂತ ಮರಗೆಣಸು ಬೆಳೆಸಲು ಹೇಳಿದರು. 1923ರ ಸೆಪ್ಟೆಂಬರ್ 23ರಂದು ಅವರು ತೀರಿಕೊಂಡಾಗ ಕೊನೇ ಯಾತ್ರೆಗೆ ಎಲ್ಲ ಧರ್ಮದವರೂ ಬಂದಿದ್ದರು.

ನೊರೊನ್ಹಾ ಬ್ರಹ್ಮಾವರದಲ್ಲೇ ಉಳಿದರು. ಹೆಚ್ಚುಕಡಿಮೆ ಅರ್ಧ ಶತಮಾನ! 1936ರಲ್ಲಿ ಅಲ್ಲೇ ತೀರಿಕೊಂಡರು. ಊರಿನ ಎಸ್‌ಎಂಎಸ್ ಕಾಲೇಜಿನ ಹೆಸರು ಕೇಳಿ ಮೊಬೈಲ್ ಮೆಸೇಜ್ ಅಂದುಕೊಳ್ಳಬೇಡಿ, ಅದು ಸೇಂಟ್ ಮೇರಿಸ್ ಸಿರಿಯನ್. 2010ರಲ್ಲಿ ಬ್ರಹ್ಮಾವರಕ್ಕೆ ತನ್ನದೇ ಧರ್ಮಪ್ರಾಂತ್ಯವೂ ಸಿಕ್ಕಿತು.

ನೊರೊನ್ಹಾ ಅವರ ಸಮಾಧಿ ಕೆಥೆಡ್ರಲ್‌ನಲ್ಲೇ ಇದೆ. ನಾನು ಹೊರಡೋ ಹೊತ್ತಿಗೆ ಅದರ ಮೇಲೆ ಯಾರೋ ಹೊಸದಾಗಿ ಮಲ್ಲಿಗೆ ಇಟ್ಟು ಹೋಗಿದ್ದರು.