ಪ್ಲೇಗಿನ ಕಾಲದ ವೈದ್ಯರು ಮತ್ತು ಅವರ ಹಿತವಚನ

ಮೂಗು ಬಾಯಿ ಮುಚ್ಚಿಕೊಳ್ಳಿರಿ, ಗುಂಪಿನಿಂದ ದೂರವಿರಿ, ಮನೆಯೊಳಗೆ ಗಾಳಿ ಬೆಳಕು ಆಡಲಿ, ಲಸಿಕೆ ಹಾಕಿಸಿಕೊಳ್ಳಿರಿ ಎಂದು 2020 ಮತ್ತು 2021ರಲ್ಲಿ ನಮ್ಮ ವೈದ್ಯರು ದಿನವೂ ಹೇಳುತ್ತಿದ್ದಾಗ, ಇಂತಹ ಮಾತನ್ನು ಲೋಕವು ಹಿಂದೆಂದೂ ಕೇಳಿಯೇ ಇರಲಿಲ್ಲವೇನೋ ಎಂಬಂತೆ ಅನೇಕರು ಬೆರಗುಗೊಂಡರು. ನಿಜವಾಗಿ ಈ ಹಿತವಚನಗಳಲ್ಲಿ ಹೆಚ್ಚಿನವು ನಮ್ಮ ಮುತ್ತಜ್ಜಂದಿರ ಕಿವಿಗೆ ಬಿದ್ದಿದ್ದವೇ. ಆಗ ಬಂದದ್ದು ಪ್ಲೇಗು. ಶಾಲೆಯ ಇತಿಹಾಸದ ಪಠ್ಯದಲ್ಲಿ ಅದಕ್ಕೆ ಒಂದು ಸಾಲೂ ದೊರೆಯುತ್ತಿರಲಿಲ್ಲ. ಪಾಣಿಪತ್ ಕದನಗಳ ಇಸವಿಗಳನ್ನು ನಾವು ಮಕ್ಕಳಿಂದ ಬಾಯಿಪಾಠ ಮಾಡಿಸುತ್ತಿದ್ದೆವು. ಅವರವರ ಊರನ್ನೇ ಬರಿದು ಮಾಡಿದ ರೋಗದ ಇಸವಿಯನ್ನು ಯಾರೂ ಕೇಳುತ್ತಿರಲಿಲ್ಲ.

1896ರ ಸೆಪ್ಟೆಂಬರಿನಲ್ಲಿ ಮುಂಬಯಿಯ ಮಾಂಡವಿ ಎಂಬಲ್ಲಿ, ದವಸದ ಉಗ್ರಾಣಗಳ ನಡುವಿನ ಮನೆಗಳಲ್ಲಿ, ಜ್ವರ ಬಂದು ತೊಡೆಸಂದಿನಲ್ಲಿ ಗಂಟು ಕಟ್ಟಿದ ರೋಗಿಗಳನ್ನು ನೋಡಿ ಇದು ಪ್ಲೇಗೆಂದು ಮೊದಲು ಗುರುತಿಸಿದವರು ಗೋವೆಯ ಮೂಲದ ಡಾಕ್ಟರ್ ಅಕಾಶಿಯೊ ವಿಯೇಗಸ್. ಸರ್ಕಾರವು ಎಚ್ಚೆತ್ತು 1897ರ ಫೆಬ್ರವರಿಯಲ್ಲಿ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನು ತಂದಿತು. ಅದು ಎಷ್ಟು ಬಾಳಿಕೆಯ ಕಾಯಿದೆಯೆಂದರೆ, 2020ರಲ್ಲಿ ನಮ್ಮನ್ನು ಮನೆಯಲ್ಲಿ ಕೂಡಿಸಿದಾಗಲೂ ಅದನ್ನೇ ಧೂಳು ಕೊಡವಿ ಬಳಸಬೇಕಾಯಿತು.

ಕಾಯಿದೆ ಇದ್ದರೂ ರೋಗ ಹರಡುವ ಬಗೆ ಆಗ ತಿಳಿದಿರಲಿಲ್ಲ. ರೋಗಾಣುವನ್ನು ಯೆರ್ಸಿನ್ ಎಂಬ ವಿಜ್ಞಾನಿ 1894ರಲ್ಲಿಯೇ ಹಾಂಗ್‌ಕಾಂಗಿನಲ್ಲಿ ಕಂಡುಹಿಡಿದಿದ್ದರೂ, ಅದು ಇಲಿಯಿಂದ ಮನುಷ್ಯನಿಗೆ ಹೇಗೆ ದಾಟುತ್ತದೆಂಬುದು ಗೂಢವಾಗಿಯೇ ಉಳಿದಿತ್ತು. ಆದ್ದರಿಂದ ಅಧಿಕಾರಿಗಳು ಕೊಳೆಯ ಮೇಲೆ ಯುದ್ಧ ಸಾರಿದರು. ಮನೆಗಳ ಗೋಡೆಗೆ ಸುಣ್ಣ, ಚರಂಡಿಗೆ ಕಾರ್ಬಾಲಿಕ್ ದ್ರಾವಣ, ಬೆಳಕು ಬೀಳಲೆಂದು ಛಾವಣಿಯ ಹೆಂಚು ತೆಗೆಯುವುದು. ಚರಂಡಿಗೆ ಮದ್ದು ಸುರಿದಾಗ ಅಲ್ಲಿದ್ದ ಇಲಿಗಳು ಪಕ್ಕದ ಬೀದಿಯ ಮನೆಗಳಿಗೆ ನುಗ್ಗಿ ರೋಗವನ್ನೂ ಕೊಂಡೊಯ್ದಿರಬೇಕೆಂಬುದು ಇತಿಹಾಸಕಾರರ ಅನುಮಾನ.

ಫ್ರಾನ್ಸಿನ ವೈದ್ಯ ಪಾಲ್ ಲೂಯಿ ಸಿಮೊಂ ಎಂಬುವರು 1898ರಲ್ಲಿ ಕರಾಚಿಯಲ್ಲಿ ಪ್ರಯೋಗ ನಡೆಸಿ, ಸತ್ತ ಇಲಿಯ ಮೈಬಿಟ್ಟು ಹಾರುವ ಚಿಗಟವೇ ರೋಗವಾಹಕವೆಂದು ತೋರಿಸಿದರು. ಕೇಳಿದವರು ನಂಬಲಿಲ್ಲ. ಮುಂಬಯಿಯಲ್ಲಿ ಗ್ಲೆನ್ ಲಿಸ್ಟನ್ ಮೊದಲಾದವರ ಪ್ರಯೋಗಗಳು ಮುಗಿದು ವಿದ್ವಾಂಸರು ತಲೆದೂಗುವಷ್ಟರಲ್ಲಿ ಎಷ್ಟೋ ವರ್ಷಗಳು ಕಳೆದಿದ್ದವು.

ಇಲ್ಲಿ ನನಗೆ ಸೋಜಿಗವೆನಿಸುವ ಸಂಗತಿಯೊಂದಿದೆ. ನಮ್ಮ ಹಳ್ಳಿಗರಿಗೆ ಚಿಗಟದ ವಿಚಾರ ತಿಳಿಯದಿದ್ದರೂ ಇಲಿಯ ವಿಚಾರ ತಿಳಿದಿತ್ತು. 'ಇಲಿ ಬಿತ್ತು' ಎಂದರೆ ಊರು ಬಿಡಬೇಕೆಂದೇ ಅರ್ಥ. ನನ್ನ ಅಜ್ಜಿ ಕಾಲವನ್ನು ಎಣಿಸುತ್ತಿದ್ದುದೇ ಹಾಗೆ: ಇಂಥವರ ಮದುವೆ ಇಲಿ ಬೀಳುವುದಕ್ಕೆ ಮುಂಚೆ, ಇಂಥವರು ಹುಟ್ಟಿದ್ದು ಗುಡಿಸಲಿನಲ್ಲಿದ್ದಾಗ. ಅಟ್ಟದಿಂದಲೋ ಕಣಜದ ಮಗ್ಗುಲಿಂದಲೋ ಸತ್ತ ಇಲಿ ಬಿದ್ದೊಡನೆ, ಪಾತ್ರೆ ಪಡಗ, ದನಕರು, ಹಾಸಿಗೆ ಸಮೇತ ಊರಾಚೆಯ ಹೊಲಗಳಿಗೆ ಹೋಗಿ, ಸೋಗೆಯೋ ಸೊಪ್ಪೋ ಹೊದಿಸಿದ ಗುಡಿಸಲುಗಳಲ್ಲಿ ತಿಂಗಳುಗಟ್ಟಲೆ ಇರುತ್ತಿದ್ದರಂತೆ. ಹಳೆಯ ಮನೆಯಿಂದ ದವಸ ತರಬೇಕಾದರೆ ಹಗಲಿನಲ್ಲಿ ಹೋಗಿ ಬೇಗ ಹಿಂದಿರುಗಬೇಕು. ತಂದದ್ದನ್ನು ಬಿಸಿಲಿಗೆ ಹರಡಬೇಕು. ಸತ್ತ ಇಲಿಯನ್ನು ಕೈಯಿಂದ ಮುಟ್ಟದೆ ಸುಟ್ಟುಹಾಕಬೇಕು. ವಿಜ್ಞಾನವು ಅನಂತರ ಹೇಳಿದ್ದೂ ಬಹುಮಟ್ಟಿಗೆ ಇದನ್ನೇ. ಭೈರಪ್ಪನವರ 'ಗೃಹಭಂಗ'ವನ್ನು ಓದಿದವರಿಗೆ ಆ ಕಾಲದ ಊರುಗಳ ಬಾಳಿನ ಪರಿಚಯವಿದ್ದೇ ಇರುತ್ತದೆ.

ಬೆಂಗಳೂರಿಗೆ ರೋಗ ತಲುಪಿದ್ದು 1898ರ ಆಗಸ್ಟಿನಲ್ಲಿ, ಹುಬ್ಬಳ್ಳಿಯ ಕಡೆಯಿಂದ ರೈಲಿನಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರು ಆಗಿನ್ನೂ ಬಾಲಕರು. ರಾಜಪ್ರತಿನಿಧಿಯಾಗಿ ಮಹಾರಾಣಿ ವಾಣೀವಿಲಾಸ ಸನ್ನಿಧಾನದವರೂ ದಿವಾನರಾಗಿ ಶೇಷಾದ್ರಿ ಅಯ್ಯರ್ ಅವರೂ ಸಂಸ್ಥಾನವನ್ನು ನಡೆಸುತ್ತಿದ್ದರು. ಚಿಕ್ಕಪೇಟೆ, ಬಳೇಪೇಟೆಗಳ ಇಕ್ಕಟ್ಟಿನ ಓಣಿಗಳಲ್ಲಿ ಅಂಗಡಿ, ಉಗ್ರಾಣ, ಮಲಗುವ ಕೋಣೆ ಎಲ್ಲವೂ ಒಂದೇ ಸೂರಿನಡಿ. ಇಲಿಗೆ ಇದಕ್ಕಿಂತ ಅನುಕೂಲವಾದ ಊರು ಬೇಕೆ? ಜನ ಗುಳೆ ಎದ್ದರು. ನಗರ ಮತ್ತು ದಂಡುಪ್ರದೇಶ ಸೇರಿ 1891ರ ಜನಗಣತಿಯಲ್ಲಿ 1,80,366 ಇದ್ದ ಜನಸಂಖ್ಯೆ 1901ರಲ್ಲಿ 1,59,046ಕ್ಕೆ ಇಳಿದಿತ್ತು. ಸತ್ತವರೆಷ್ಟು, ಊರು ಬಿಟ್ಟವರೆಷ್ಟು ಎಂದು ಈ ಅಂಕಿಗಳು ಬಿಡಿಸಿ ಹೇಳುವುದಿಲ್ಲ.

ಆ ದಿನಗಳಲ್ಲಿ ಬೆಂಗಳೂರಿನ ಪ್ಲೇಗ್ ಕ್ಯಾಂಪಿನ ಹೊಣೆ ಹೊತ್ತ ವೈದ್ಯರೊಬ್ಬರನ್ನು ನಾವು ನೆನೆಯಬೇಕು. ಅವರು ಡಾಕ್ಟರ್ ಪದ್ಮನಾಭನ್ ಪಲ್ಪು. ತಿರುವನಂತಪುರದವರು, ಮದರಾಸಿನಲ್ಲಿ ವೈದ್ಯವಿದ್ಯೆ ಕಲಿತವರು. ಈಳವ ಜಾತಿಯಲ್ಲಿ ಹುಟ್ಟಿದರೆಂಬ ಒಂದೇ ಕಾರಣಕ್ಕೆ ತಿರುವಾಂಕೂರು ಸಂಸ್ಥಾನವು ಅವರಿಗೆ ಕೆಲಸ ಕೊಡಲಿಲ್ಲ. ಮೈಸೂರು ಸಂಸ್ಥಾನ ಕೊಟ್ಟಿತು. ಬಂಧುಗಳೇ ರೋಗಿಯನ್ನು ಬಿಟ್ಟು ಓಡುತ್ತಿದ್ದ ಕಾಲದಲ್ಲಿ, ತನ್ನ ನಾಡು ಮುಟ್ಟಲೊಲ್ಲದೆ ಹೊರಗಿಟ್ಟ ಮನುಷ್ಯನು ಪರನಾಡಿನ ರೋಗಿಗಳ ಕೈಹಿಡಿದು ನಾಡಿ ನೋಡುತ್ತಿದ್ದನು. ಮುಂದೆ 1903ರಲ್ಲಿ ನಾರಾಯಣ ಗುರುಗಳ ಹೆಸರಿನಲ್ಲಿ ಸ್ಥಾಪಿತವಾದ ಧರ್ಮಪರಿಪಾಲನ ಯೋಗದ ಹಿಂದೆ ನಿಂತವರೂ ಇವರೇ. ಕೇರಳದವರಿಗೆ ಅವರು ಸಮಾಜ ಸುಧಾರಕರಾಗಿ ಪರಿಚಿತರು. ನಮಗೆ ಪ್ಲೇಗಿನ ಡಾಕ್ಟರಾಗಿಯಾದರೂ ಪರಿಚಿತರಾಗಿರಬೇಕಿತ್ತು.

ಲಸಿಕೆಯ ಕಥೆಯೂ ಸ್ವಾರಸ್ಯವಾದುದು. ರಷ್ಯಾ ಸಾಮ್ರಾಜ್ಯದ ಒಡೆಸಾದಲ್ಲಿ ಹುಟ್ಟಿದ ಯಹೂದಿ ವಿಜ್ಞಾನಿ ವಾಲ್ಡೆಮಾರ್ ಹಾಫ್‌ಕಿನ್, ಮುಂಬಯಿಯ ಗ್ರ್ಯಾಂಟ್ ವೈದ್ಯಕೀಯ ಕಾಲೇಜಿನ ಇಕ್ಕಟ್ಟಾದ ಜಾಗದಲ್ಲಿ ಕೆಲಸ ಮಾಡಿ, ಮಾಂಸದ ಸಾರಿನ ಮೇಲೆ ತುಪ್ಪದ ಹನಿ ತೇಲಿಸಿ ರೋಗಾಣುವನ್ನು ಬೆಳೆಸಿ, ಕಾಯಿಸಿ ಕೊಂದು ಮದ್ದು ತಯಾರಿಸಿದರು. 1897ರ ಜನವರಿ 10ರಂದು ಅದನ್ನು ಮೊದಲು ಚುಚ್ಚಿಸಿಕೊಂಡದ್ದು ತಮ್ಮದೇ ಮೈಗೆ. ಜ್ವರ ಬಂದು ಇಳಿಯಿತು. ಬಳಿಕ ಬೈಕುಲಾ ಸೆರೆಮನೆಯಲ್ಲಿ ಒಪ್ಪಿದ ಕೈದಿಗಳಿಗೆ ಹಾಕಿದರು. ಜನರು ಮಾತ್ರ ಹೆದರಿದ್ದರು. ಆಗ ಆಗಾ ಖಾನರು ತಮ್ಮ ಅನುಯಾಯಿಗಳ ಕಣ್ಣೆದುರಿಗೇ ಸೂಜಿ ಹಾಕಿಸಿಕೊಂಡು ತೋರಿಸಿದರು. ಬರಿಯ ಬಾಯಿಮಾತಿನ ಉಪದೇಶಕ್ಕಿಂತ ಇದು ಮೇಲಾಯಿತು.

ಬಲಾತ್ಕಾರದ ದಾರಿ ಎಲ್ಲಿಗೆ ಒಯ್ದಿತೆಂಬುದಕ್ಕೆ ಪುಣೆಯೇ ಸಾಕ್ಷಿ. ಸೈನಿಕರು ಮನೆಮನೆ ಹೊಕ್ಕು ಹೆಂಗಸರನ್ನೂ ದೇವರಮನೆಯನ್ನೂ ನೋಡದೆ ಶೋಧಿಸಿದರು. ರೊಚ್ಚಿಗೆದ್ದ ಚಾಪೇಕರ್ ಸಹೋದರರು 1897ರ ಜೂನ್ 22ರಂದು ಪ್ಲೇಗ್ ಅಧಿಕಾರಿ ರ್‍ಯಾಂಡ್ ಮೇಲೆ ಗುಂಡು ಹಾರಿಸಿದರು. ಅದೇ ಪುಣೆಯಲ್ಲಿ ಅದೇ ವರ್ಷದ ಮಾರ್ಚ್ 10ರಂದು, ರೋಗಿಗಳ ಆರೈಕೆ ಮಾಡುತ್ತಲೇ ಪ್ಲೇಗು ತಗುಲಿ ಸಾವಿತ್ರಿಬಾಯಿ ಫುಲೆ ತೀರಿಕೊಂಡಿದ್ದರು. ನಾನು ಸೇರಿದ ವೃತ್ತಿಗೆ ಹಿರಿಯಳಾದ ಆ ತಾಯಿಯ ಮರಣದ ವಿಚಾರವನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ಕೊಠಡಿ ನಿಶ್ಶಬ್ದವಾಗುತ್ತಿತ್ತು.

ಮುಖವಸ್ತ್ರದ ವಿಚಾರಕ್ಕೆ ಬಂದರೆ ಮಂಚೂರಿಯಾಕ್ಕೆ ಹೋಗಬೇಕು. 1910ರ ಚಳಿಗಾಲದಲ್ಲಿ ಅಲ್ಲಿ ಹರಡಿದ್ದು ಗಂಟಿನ ಪ್ಲೇಗಲ್ಲ, ಶ್ವಾಸಕೋಶದ ಪ್ಲೇಗು. ಪಿನಾಂಗಿನಲ್ಲಿ ಹುಟ್ಟಿ ಕೇಂಬ್ರಿಜ್‌ನಲ್ಲಿ ಓದಿದ್ದ ಡಾಕ್ಟರ್ ವು ಲಿಯೆನ್ ತೆಹ್, ಇದು ಉಸಿರಿನಿಂದಲೇ ಹರಡುವುದೆಂದು ಊಹಿಸಿ, ಹತ್ತಿ ಮತ್ತು ತೆಳುಬಟ್ಟೆಯ ಪದರಗಳ ಮುಖವಸ್ತ್ರವನ್ನು ವೈದ್ಯರೂ ದಾದಿಯರೂ ಕಟ್ಟಿಕೊಳ್ಳಬೇಕೆಂದರು. ಮೆಸ್ನಿ ಎಂಬ ಹಿರಿಯ ಫ್ರೆಂಚ್ ವೈದ್ಯರು ಈ ಕಿರಿಯನ ಮಾತನ್ನು ಹೀಗಳೆದು, ಮುಖ ಮುಚ್ಚದೆಯೇ ರೋಗಿಗಳ ಬಳಿ ಹೋದರು; ಕೆಲವೇ ದಿನಗಳಲ್ಲಿ ಅದೇ ರೋಗಕ್ಕೆ ಬಲಿಯಾದರು. ಆ ಬಳಿಕ ಹಾರ್ಬಿನ್ ನಗರದಲ್ಲಿ ಮುಖವಸ್ತ್ರವಿಲ್ಲದೆ ಓಡಾಡುವವರು ವಿರಳವಾದರು. ಸುಮಾರು 60,000 ಜನ ಸತ್ತ ಆ ಪಿಡುಗು 1911ರ ವಸಂತದ ಹೊತ್ತಿಗೆ ಅಡಗಿತು.

ಬೆಂಗಳೂರು ಕಲಿತ ಪಾಠವು ಕಲ್ಲುಮಣ್ಣಿನಲ್ಲಿಯೇ ಉಳಿದಿದೆ. ಹಳೆಯ ಪೇಟೆಯ ಇಕ್ಕಟ್ಟಿನಿಂದ ಜನರನ್ನು ಹೊರತರಲು ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಅಗಲ ಬೀದಿ, ಮನೆಗಳ ಹಿಂದೆ ಕಸ ಸಾಗಿಸಲು ಪ್ರತ್ಯೇಕ ಓಣಿ, ಹಿತ್ತಿಲಿನಲ್ಲಿ ಗಿಡಮರ. ದಂಡಿನ ಕಡೆ, ಜೆ. ಎಚ್. ಸ್ಟೀಫನ್ಸ್ ಅವರ ಯೋಜನೆಯಂತೆ, ಇಲಿ ನುಸುಳಲು ಎಡೆಯಿಲ್ಲದ ಮನೆಗಳನ್ನು ಕಟ್ಟಲು ಹೊರಟದ್ದೇ ಫ್ರೇಜರ್ ಟೌನ್ ಆಯಿತು. 1897ರ ಜೂನಿನಲ್ಲಿ ಮಹಾರಾಣಿಯವರು ಅಡಿಗಲ್ಲಿಟ್ಟಿದ್ದ ವಿಕ್ಟೋರಿಯಾ ಆಸ್ಪತ್ರೆಯನ್ನು 1900ರ ಡಿಸೆಂಬರಿನಲ್ಲಿ ಲಾರ್ಡ್ ಕರ್ಜನ್ ತೆರೆದರು. ಇವೆಲ್ಲದರ ಜೊತೆಗೆ ಜನರು ತಮ್ಮ ಪಾಡಿಗೆ ತಾವು ಪ್ಲೇಗಮ್ಮನ ಗುಡಿಗಳನ್ನೂ ಕಟ್ಟಿಕೊಂಡರು. ಸೂಜಿಯನ್ನೂ ಹಾಕಿಸಿಕೊಂಡು ಅಮ್ಮನಿಗೆ ಮೊಸರನ್ನದ ತಳಿಗೆಯನ್ನೂ ಒಪ್ಪಿಸಿದ ಮನೆಗಳು ಎಷ್ಟೋ. ಅದರಲ್ಲಿ ನನಗೆ ವಿರೋಧವೇನೂ ಕಾಣುವುದಿಲ್ಲ.

ಹಾಫ್‌ಕಿನ್ ಅವರ ಕೊನೆಯ ಭಾಗವೊಂದನ್ನು ಹೇಳಿ ಮುಗಿಸುತ್ತೇನೆ. 1902ರಲ್ಲಿ ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ ಲಸಿಕೆ ಪಡೆದ 19 ಮಂದಿ ಧನುರ್ವಾಯುವಿನಿಂದ ಸತ್ತರು. ತಪ್ಪೆಲ್ಲವನ್ನೂ ಲಸಿಕೆ ಕಂಡುಹಿಡಿದವನ ತಲೆಗೆ ಕಟ್ಟಿ, ಅವರನ್ನು ಕೆಲಸದಿಂದ ದೂರವಿಟ್ಟರು. ಸೀಸೆ ತೆರೆದ ಸ್ಥಳದಲ್ಲಿಯೇ ಮದ್ದು ಕೆಟ್ಟಿರಬೇಕೆಂದು ರೊನಾಲ್ಡ್ ರಾಸ್ ಮೊದಲಾದ ವಿಜ್ಞಾನಿಗಳು ಲಂಡನ್ನಿನ ಪತ್ರಿಕೆಯಲ್ಲಿ ವಾದಿಸಿದ ಮೇಲೆ, 1907ರಲ್ಲಿ ಅವರು ದೋಷಮುಕ್ತರಾದರು. ಅವರು ಆರಂಭಿಸಿದ್ದ ಮುಂಬಯಿಯ ಪ್ರಯೋಗಾಲಯಕ್ಕೆ 1925ರಲ್ಲಿ ಅವರದೇ ಹೆಸರಿಟ್ಟರು. ಆ ಹೊತ್ತಿಗೆ ಅವರು ಭಾರತವನ್ನು ಬಿಟ್ಟು ಹತ್ತು ವರ್ಷಗಳಾಗಿದ್ದವು.