ಅಂಗಡಿಯಲ್ಲಿ ಹುಟ್ಟಿದ ಚಿತ್ರಕಥೆ

ಅಮರ ಚಿತ್ರಕಥೆಯ ಇಂಗ್ಲಿಷ್ ಮಾಲಿಕೆಯಲ್ಲಿ ಮೊದಲು ಬಂದ ಪುಸ್ತಕ 'ಕೃಷ್ಣ'. ಅದರ ಕ್ರಮಸಂಖ್ಯೆ ಮಾತ್ರ ಒಂದಲ್ಲ, ಹನ್ನೊಂದು. ಹಳೆಯ ಚಿತ್ರಕಥೆಗಳನ್ನು ಸಂಗ್ರಹಿಸಲು ಹೊರಟ ಹೊಸಬರು ಇದನ್ನು ಕಂಡು ತಬ್ಬಿಬ್ಬಾಗುವುದುಂಟು. ಒಂದರಿಂದ ಹತ್ತರವರೆಗಿನವು ಎಲ್ಲಿ ಹೋದವು? ಅವು ಎಲ್ಲಿಗೂ ಹೋಗಿರಲಿಲ್ಲ. ಇಂಗ್ಲಿಷಿಗಿಂತ ಮೊದಲೇ ಕನ್ನಡದಲ್ಲಿ ಅಚ್ಚಾಗಿದ್ದವು.

ಇಂಡಿಯಾ ಬುಕ್ ಹೌಸ್ ಸಂಸ್ಥೆಗಾಗಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟ ನೋಡಿಕೊಳ್ಳುತ್ತಿದ್ದ ಜಿ.ಕೆ. ಅನಂತರಾಮ್ ಅವರು 1965ರಲ್ಲಿ ಸಿಂಡ್ರೆಲಾದಂಥ ಪಾಶ್ಚಾತ್ಯ ಮಕ್ಕಳ ಕಥೆಗಳನ್ನು ಚಿತ್ರಗಳ ಸಮೇತ ಕನ್ನಡಕ್ಕೆ ತಂದರು. ಚಿತ್ರಗಳು ಹೊರಗಿನವು, ಮಾತು ನಮ್ಮದು. ಪುಸ್ತಕಗಳು ಚೆನ್ನಾಗಿ ಮಾರಾಟವಾದವು. ಮುಂಬಯಿಯ ಮುಖ್ಯ ಕಚೇರಿಗೆ ಇದರ ಲಾಭ ಕಾಣಿಸಿದ್ದು ಆ ಮೇಲೆ. ಮಾಲಿಕೆಯ ಸಂಪಾದಕರಾಗಿ ನಾಡಿಗೆಲ್ಲ ಹೆಸರಾದ ಅನಂತ ಪೈ ಅವರೂ ನಮ್ಮ ಕಾರ್ಕಳದವರೇ, 1929ರಲ್ಲಿ ಹುಟ್ಟಿದವರು. ಅವರು ಹೇಳುತ್ತಿದ್ದ ಕಥೆ ಬೇರೆ. 1967ರಲ್ಲಿ ದೆಹಲಿಯ ಒಂದು ಪುಸ್ತಕದ ಅಂಗಡಿಯಲ್ಲಿ ದೂರದರ್ಶನದ ರಸಪ್ರಶ್ನೆ ಕಾರ್ಯಕ್ರಮ ನೋಡುತ್ತಿದ್ದರಂತೆ. ಗ್ರೀಕ್ ಪುರಾಣದ ಪ್ರಶ್ನೆಗೆ ಉತ್ತರ ಹೇಳಿದ ಮಕ್ಕಳಿಗೆ ರಾಮನ ತಾಯಿಯ ಹೆಸರು ಗೊತ್ತಿರಲಿಲ್ಲ. ಮಾಲಿಕೆಯ ಯೋಚನೆ ಅಲ್ಲಿ ಹುಟ್ಟಿತು ಎಂಬುದು ಅವರ ಮಾತು.

ಯಾರಿಗೆ ಎಷ್ಟು ಶ್ರೇಯಸ್ಸು ಸಲ್ಲಬೇಕು ಎಂಬ ಜಗಳ ಸಂಶೋಧಕರಿಗಿರಲಿ. ನನಗೆ ಮುಖ್ಯವೆನಿಸುವುದು, ಎರಡು ಕಥೆಗಳೂ ಪುಸ್ತಕ ವ್ಯಾಪಾರದ ನಡುವೆಯೇ ನಡೆಯುತ್ತವೆ ಎಂಬುದು. ಒಂದರಲ್ಲಿ, ಯಾವ ಮಗು ಯಾವ ಪುಸ್ತಕ ಎತ್ತಿಕೊಂಡು ನೋಡುತ್ತದೆ, ಯಾವುದನ್ನು ಕೆಳಗಿಡುತ್ತದೆ ಎಂದು ಬಲ್ಲ ಮಾರಾಟಗಾರ. ಇನ್ನೊಂದರಲ್ಲಿ, ಅಂಗಡಿಯಲ್ಲಿ ನಿಂತ ಗಿರಾಕಿ. ಇಂದು ಹಳೆಯ ಚಿತ್ರಕಥೆಗಳ ಕೊಡುಕೊಳ್ಳುವಿಕೆ ಬಹುಮಟ್ಟಿಗೆ ಆನ್‌ಲೈನ್ ಪೇಟೆಗೆ ಸರಿದಿರುವಾಗ, ಅಂಗಡಿ ನಮಗೆ ಏನು ಮಾಡಿಕೊಟ್ಟಿತು ಎಂದು ಕೇಳುವವರು ಇಲ್ಲಿಂದ ಶುರುಮಾಡಬೇಕು.

ಹಾಗೆಂದು ಕಾಮಿಕ್ಸ್ ಅಂಗಡಿ ಎಂಬುದು ಊರೂರಿಗೂ ಇತ್ತೆಂದು ಯಾರೂ ಭಾವಿಸಬೇಕಿಲ್ಲ. ಕುಣಿಗಲ್ ತಾಲ್ಲೂಕಿನ ಅಮೃತೂರನ್ನೇ ತೆಗೆದುಕೊಳ್ಳಿ. ಹೋಬಳಿ ಕೇಂದ್ರ, ಸುತ್ತಮುತ್ತ ತೆಂಗು, ರಾಗಿ, ಮಾರ್ಕೋನಹಳ್ಳಿ ಜಲಾಶಯದ ನೀರು ಹರಿಯುವಲ್ಲಿ ಭತ್ತ. ಕುಣಿಗಲ್ಲಿಗೆ ರೈಲು ಬಂದದ್ದೇ 2010ರ ದಶಕದಲ್ಲಿ. ಹಾಗಾಗಿ ರೈಲು ನಿಲ್ದಾಣದ ಪುಸ್ತಕ ಮಳಿಗೆಯ ಸೌಕರ್ಯವೂ ಈ ಸೀಮೆಗೆ ಇರಲಿಲ್ಲ. ಇಂಥ ಊರುಗಳಿಗೆ ಅಚ್ಚಾದ ಕಾಗದ ಬರುತ್ತಿದ್ದುದು ಬಸ್ಸಿನ ಮೇಲೆ, ಪತ್ರಿಕೆಗಳ ಕಟ್ಟಿನಲ್ಲಿ. ಬಸ್ಸು ನಿಲ್ಲುವ ಕಡೆಯ ಪೆಟ್ಟಿಗೆ ಅಂಗಡಿಯವನು ಬೀಡಿ, ಬಾಳೆಹಣ್ಣಿನ ಜೊತೆಗೆ ದಾರಕ್ಕೆ ನೇತುಹಾಕಿ ಮಾರಿದ್ದಷ್ಟೇ ಊರಿನ ಪುಸ್ತಕ ವ್ಯಾಪಾರ. 'ಚಂದಮಾಮ', 'ಬಾಲಮಿತ್ರ', 'ಸುಧಾ', ಮುಂದೆ 'ಬಾಲಮಂಗಳ' ಇಂಥ ದಾರಗಳಿಂದಲೇ ಮನೆಗಳಿಗೆ ಇಳಿದವು.

ಈ ವ್ಯಾಪಾರ ನಡೆದದ್ದು ಒಂದು ಸರಳ ಕಟ್ಟಳೆಯ ಮೇಲೆ. ಮಾರಿದ ಪ್ರತಿಗೆ ಏಜೆಂಟನಿಗೆ ಕಮಿಷನ್, ಮಾರದೆ ಉಳಿದದ್ದು ಕಂಪನಿಗೆ ವಾಪಸು. ವಾಪಸಾತಿ ಇದ್ದುದರಿಂದಲೇ ಚಿಕ್ಕ ಊರಿನ ಬಡ ಅಂಗಡಿಯವನೂ ನಾಲ್ಕು ಪ್ರತಿ ತರಿಸುವ ಧೈರ್ಯ ಮಾಡುತ್ತಿದ್ದ. ಅಮೆರಿಕದಲ್ಲಿ ನಡೆದದ್ದು ಇದಕ್ಕೆ ತೀರ ಭಿನ್ನ. ಅಲ್ಲಿ 1970ರ ದಶಕದಲ್ಲಿ ಫಿಲ್ ಸೂಲಿಂಗ್ ಎಂಬ ವ್ಯಾಪಾರಿ ಪ್ರಕಾಶಕರೊಂದಿಗೆ ಹೊಸ ಒಪ್ಪಂದ ಮಾಡಿಕೊಂಡ. ಹೆಚ್ಚಿನ ರಿಯಾಯಿತಿ ಕೊಡಿ, ಉಳಿದದ್ದನ್ನು ನಾವು ಹಿಂತಿರುಗಿಸುವುದಿಲ್ಲ ಎಂದ. ಉಳಿದ ಪ್ರತಿಗಳು ಅಂಗಡಿಯಲ್ಲೇ ಇರಬೇಕಾಗಿ ಬಂದಾಗ ಹಳೆಯ ಸಂಚಿಕೆಗೆ ಬೆಲೆ ಹುಟ್ಟಿತು. ಕಾಮಿಕ್ಸ್‌ಗೆಂದೇ ಮೀಸಲಾದ ಅಂಗಡಿಗಳು ಬೆಳೆದದ್ದು, ಸಂಗ್ರಾಹಕ ಎಂಬ ಜಾತಿಯ ಗಿರಾಕಿ ಬೆಳೆದದ್ದು ಈ ಪದ್ಧತಿಯಿಂದ. ನಮ್ಮಲ್ಲಿ ಅಂಥ ಪದ್ಧತಿ ಬೇರೂರಲಿಲ್ಲ. ನಮ್ಮ ಹಳೆಯ ಸಂಚಿಕೆಗಳಿಗೆ ಇದ್ದುದು ಬೇರೊಂದು ಮನೆ. ಅದಕ್ಕೆ ಆಮೇಲೆ ಬರುತ್ತೇನೆ.

1964ರ ಮಾರ್ಚ್‌ನಲ್ಲಿ ಟೈಮ್ಸ್ ಆಫ್ ಇಂಡಿಯಾ ಬಳಗ ಇಂದ್ರಜಾಲ ಕಾಮಿಕ್ಸ್ ಆರಂಭಿಸಿತು. ಮೊದಲ ಸಂಚಿಕೆಯ ಬೆಲೆ 60 ಪೈಸೆ. ಲೀ ಫಾಕ್ ಸೃಷ್ಟಿಸಿದ ಫ್ಯಾಂಟಮ್, ಮಾಂಡ್ರೇಕ್ ಇವರೆಲ್ಲ ಕನ್ನಡವನ್ನೂ ಆಡಿದರು. 1976ರಲ್ಲಿ ಈ ಮಾಲಿಕೆಗೆ ಮೊದಲ ಭಾರತೀಯ ನಾಯಕ ಬಂದ, ಬಹಾದ್ದೂರ್. ಡಕಾಯಿತನ ಮಗನಾಗಿ ಹುಟ್ಟಿ, ಡಕಾಯಿತರ ವಿರುದ್ಧ ಊರವರ ರಕ್ಷಣಾ ದಳ ಕಟ್ಟುವ ತರುಣ. ಇವನನ್ನು ಸೃಷ್ಟಿಸಿದವರು ಆಬಿದ್ ಸೂರ್ತಿ, ಗುಜರಾತಿನ ಮುಸ್ಲಿಮ್ ಲೇಖಕ, ವ್ಯಂಗ್ಯಚಿತ್ರಕಾರ. ಚಂಬಲ್ ಕಣಿವೆಯ ಹಿಂದೂ ತರುಣನೊಬ್ಬನನ್ನು ದೇಶದ ಮಕ್ಕಳ ನಾಯಕನನ್ನಾಗಿ ಮಾಡಿದ್ದು ಒಬ್ಬ ಆಬಿದ್ ಎಂಬುದು ಆಗ ಯಾರಿಗೂ ಸುದ್ದಿಯಾಗಿ ಕಂಡಿರಲಿಲ್ಲ. ಅಮರ ಚಿತ್ರಕಥೆಯ 'ಮೀರಾಬಾಯಿ'ಗೆ ಚಿತ್ರ ಬರೆದವರು ಯೂಸುಫ್ ಲೀನ್. ಕೃಷ್ಣಭಕ್ತೆಯ ಕಣ್ಣುಗಳಿಗೆ ಆ ಆರ್ದ್ರತೆ ತಂದ ಕುಂಚ ಅವರದು.

ಇದೇ ಮಾಲಿಕೆಯ ಮೇಲೆ ನಮಗೆ ತಕರಾರಿಲ್ಲವೆಂದಲ್ಲ. ಶಿವಾಜಿ, ರಾಣಾ ಪ್ರತಾಪ, ಪದ್ಮಿನಿಯರ ಕಥೆಗಳಲ್ಲಿ ಮುಸ್ಲಿಮನೆಂದರೆ ಮೊನಚು ಗಡ್ಡ, ಕೆಂಪು ಕಣ್ಣು, ಎತ್ತಿದ ಕತ್ತಿ ಎಂಬಂತೆ ಚಿತ್ರಿಸಲಾಯಿತು. ನಂದಿನಿ ಚಂದ್ರ, ಕಾರ್ಲೀನ್ ಮೆಕ್ಲೇನ್ ಮೊದಲಾದ ವಿದ್ವಾಂಸರು ಈ ಚಿತ್ರಣವನ್ನು ವಿವರವಾಗಿ ಪರಿಶೀಲಿಸಿದ್ದಾರೆ. ಮಾಲಿಕೆಯಲ್ಲಿ ಅಕ್ಬರ್, ಸುಲ್ತಾನಾ ರಜಿಯಾ, ಚಾಂದ್ ಬೀಬಿಯರ ಪುಸ್ತಕಗಳೂ ಬಂದವು ಎಂಬುದನ್ನೂ ಹೇಳಬೇಕು. ಆದರೆ ಮಗುವಿನ ಮನಸ್ಸಿನಲ್ಲಿ ನಿಲ್ಲುವುದು ಖಳನ ಮುಖವೇ. ಹಳೆಯ ಕಾಮಿಕ್ಸ್‌ಗಳ ಬಗ್ಗೆ ಬರೆಯುವವರು ಬಾಲ್ಯದ ಸವಿನೆನಪಿನಲ್ಲಿ ಕರಗಿಹೋಗುವಾಗ ಇದನ್ನು ಮರೆಯುತ್ತಾರೆ. ತನ್ನವರನ್ನೇ ರಾಕ್ಷಸರಂತೆ ತೋರಿಸಿದ ಪುಟವನ್ನು ಓದಿ ಮುಗಿಸಿ, ಮುಂದಿನ ಪುಸ್ತಕಕ್ಕೆ ಕೈಚಾಚಿದ ಮುಸ್ಲಿಮ್ ಹುಡುಗನ ಸವಿನೆನಪು ಅಷ್ಟು ಸರಳವಲ್ಲ.

ಈಗ ಹಳೆಯ ಸಂಚಿಕೆಗಳ ಮನೆಗೆ ಬರೋಣ. ಅದು ಗುಜರಿ. ಕುಣಿಗಲ್, ಗುಬ್ಬಿ, ತುಮಕೂರಿನ ಬೀದಿಗಳಲ್ಲಿ 'ಹಳೇ ಪೇಪರ್, ಹಳೇ ಕಬ್ಬಿಣ' ಎಂದು ಕೂಗುತ್ತ ಬರುವ ತಳ್ಳುಗಾಡಿಯವರಲ್ಲಿ, ತಕ್ಕಡಿ ತೂಗುವ ಅಂಗಡಿಯವರಲ್ಲಿ ಮುಸ್ಲಿಮರು ಬಹಳ ಮಂದಿ. ಸ್ವಂತ ದುಡಿಮೆ ಮತ್ತು ಬೀದಿ ವ್ಯಾಪಾರದಲ್ಲಿ ಮುಸ್ಲಿಮರ ಪಾಲು ಉಳಿದವರಿಗಿಂತ ಹೆಚ್ಚೆಂದು 2006ರ ಸಾಚಾರ್ ಸಮಿತಿಯ ವರದಿಯೂ ಹೇಳಿತ್ತು. ಮನೆಯವರು ಅಟ್ಟ ಖಾಲಿ ಮಾಡುವಾಗ ಬಾಲಮಂಗಳವೂ ಲೆಕ್ಕದ ಪುಸ್ತಕವೂ ಒಂದೇ ತಕ್ಕಡಿಗೆ ಬೀಳುತ್ತವೆ. ಗುಜರಿಯವನು ಅಲ್ಲಿ ಒಂದು ಕೆಲಸ ಮಾಡುತ್ತಾನೆ. ಅದಕ್ಕೆ ಯಾರೂ ಹೆಸರಿಟ್ಟಿಲ್ಲ. ಕಾಗದದ ಗಿರಣಿಗೆ ಹೋಗುವ ರಾಶಿಯಿಂದ, ಓದುವಂತಿರುವುದನ್ನು ಕೈಯಿಂದ ಬೇರ್ಪಡಿಸಿ ಪಕ್ಕಕ್ಕಿಡುತ್ತಾನೆ. ಅಕ್ಷರ ಬಲ್ಲವನಾದರೆ ಹೆಸರು ನೋಡಿ, ಇಲ್ಲವಾದರೆ ರಟ್ಟಿನ ಬಣ್ಣ ನೋಡಿ. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕದ ಸಾಲಿಗೆ ಇಂಥ ಕೈಗಳಿಂದಲೂ ಪುಸ್ತಕ ಬರುತ್ತದೆ. ಗ್ರಂಥಾಲಯಗಳು ಲಘು ಸಾಹಿತ್ಯವೆಂದು ಬದಿಗಿಟ್ಟ ಕನ್ನಡ ಚಿತ್ರಕಥೆಗಳಲ್ಲಿ ಇಂದು ಏನಾದರೂ ಉಳಿದಿದ್ದರೆ, ಅದರ ಒಂದು ದೊಡ್ಡ ಪಾಲು ಈ ತಕ್ಕಡಿಯ ಪಕ್ಕದಲ್ಲಿ ಉಳಿದದ್ದು.

ಆನ್‌ಲೈನ್ ಪೇಟೆ ಈ ಸರಪಣಿಯ ತುದಿಗೆ ಬಂದು ಸೇರಿತು. ಭಾರತದಲ್ಲಿ ಅದರ ಆರಂಭ ಬಾಜೀ ಡಾಟ್ ಕಾಮ್‌ನಂಥ ಹರಾಜು ತಾಣಗಳಿಂದ. ಅದನ್ನು 2004ರಲ್ಲಿ ಅಮೆರಿಕದ ಈಬೇ ಕೊಂಡಿತು. 2007ರಲ್ಲಿ ಬೆಂಗಳೂರಿನಲ್ಲೇ ಫ್ಲಿಪ್‌ಕಾರ್ಟ್ ಹುಟ್ಟಿತು. ಅದೂ ಮೊದಲು ಮಾರಿದ್ದು ಪುಸ್ತಕವನ್ನೇ. ಅಮೆಜಾನ್ 2013ರಲ್ಲಿ ಬಂತು. ಈಬೇಯ ಭಾರತದ ತಾಣ 2018ರಲ್ಲಿ ಮುಚ್ಚಿತು. ಈಗ ಹಳೆಯ ಇಂದ್ರಜಾಲ, ಅಮರ ಚಿತ್ರಕಥೆಗಳು ನಾನಾ ತಾಣಗಳಲ್ಲಿ, ಸಂಗ್ರಾಹಕರ ವಾಟ್ಸಾಪ್ ಗುಂಪುಗಳಲ್ಲಿ ಕೈಬದಲಾಗುತ್ತವೆ.

ಇದರಿಂದ ಒಳಿತಾಗಿಲ್ಲವೆಂದು ಹೇಳುವುದು ಅಪ್ರಾಮಾಣಿಕವಾದೀತು. ಬೆಂಗಳೂರಿನವರಿಗೆ ಚರ್ಚ್ ಸ್ಟ್ರೀಟ್ ಇತ್ತು. ಅಲ್ಲಿ 1971ರಿಂದ 2009ರವರೆಗೆ ಟಿ.ಎಸ್. ಶಾನಭಾಗರ ಪ್ರೀಮಿಯರ್ ಪುಸ್ತಕದಂಗಡಿ ಇತ್ತು. ರಾಶಿಯ ಅಡಿಯಲ್ಲಿದ್ದ ಪುಸ್ತಕವನ್ನೂ ಅವರು ಕ್ಷಣದಲ್ಲಿ ಎಳೆದುಕೊಡುತ್ತಿದ್ದರು. ಪಾದಚಾರಿ ಮಾರ್ಗದಲ್ಲಿ ಪುಸ್ತಕ ಹರಡಿ ಮಾರುತ್ತಿದ್ದ ಮಾಯಿಗೌಡರು 2002ರಲ್ಲಿ ಕಟ್ಟಿದ ಬ್ಲಾಸಮ್‌ನಲ್ಲಿ ಹಳೆಯ ಕಾಮಿಕ್ಸ್‌ಗಳಿಗೂ ಜಾಗವಿದೆ. ಇದೆಲ್ಲ ಅಮೃತೂರಿನ ಹುಡುಗನಿಗೆ ಬಸ್ ಚಾರ್ಜಿನ ಆಚೆಯ ಸಂಗತಿ. ಆನ್‌ಲೈನ್ ಪೇಟೆ ಪಿನ್‌ಕೋಡ್ ಕೇಳುತ್ತದೆಯೇ ಹೊರತು ಊರಿನ ಅಂತಸ್ತು ಕೇಳುವುದಿಲ್ಲ. ಮುಖ ನೋಡುವುದಿಲ್ಲ, ಗಡ್ಡ ಬುರ್ಖಾ ನೋಡಿ ಹುಬ್ಬೇರಿಸುವುದಿಲ್ಲ. ದೊಡ್ಡ ಅಂಗಡಿಯ ಗಾಜಿನ ಬಾಗಿಲು ತಳ್ಳಲು ಹಿಂಜರಿದವರಿಗೆ ಇದು ಸಣ್ಣ ಮಾತಲ್ಲ.

ಅಂಗಡಿ ಒಂದು ಕಡೆ, ಆನ್‌ಲೈನ್ ಇನ್ನೊಂದು ಕಡೆ ಎಂಬ ಎಣಿಕೆಯೂ ಪೂರ್ತಿ ಸರಿಯಲ್ಲ. 1938ರಲ್ಲಿ ಹತ್ತು ಸೆಂಟಿಗೆ ಮಾರಾಟವಾದ, ಸೂಪರ್‌ಮ್ಯಾನ್ ಮೊದಲು ಕಾಣಿಸಿಕೊಂಡ ಸಂಚಿಕೆಯ ಒಂದು ಪ್ರತಿ 2014ರಲ್ಲಿ ಈಬೇ ಹರಾಜಿನಲ್ಲಿ 32 ಲಕ್ಷ ಡಾಲರಿಗೆ ಹೋಯಿತು. ಅದನ್ನು ಹರಾಜಿಗಿಟ್ಟವನು ಒಬ್ಬ ಕಾಮಿಕ್ಸ್ ಅಂಗಡಿಯ ಮಾಲೀಕ! ಇಂಥ ಪ್ರತಿಗಳನ್ನು ತಜ್ಞರಿಂದ ಅಂಕ ಹಾಕಿಸಿ ಗಟ್ಟಿ ಪ್ಲಾಸ್ಟಿಕ್ ಕವಚದಲ್ಲಿ ಮೊಹರು ಮಾಡಿಸುತ್ತಾರೆ. ಆ ಮೇಲೆ ಅದನ್ನು ತೆರೆಯುವಂತಿಲ್ಲ. ತೆರೆದರೆ ಬೆಲೆ ಬೀಳುತ್ತದೆ. ಅಲ್ಲಿಗೆ ಪುಸ್ತಕ ಓದುವ ವಸ್ತುವಾಗಿ ಮುಗಿಯಿತು. ನಮ್ಮಲ್ಲಿ ಈ ಕಾಯಿಲೆ ಇನ್ನೂ ಅಷ್ಟು ಏರಿಲ್ಲ. ಆದರೂ ರಟ್ಟು ಕಿತ್ತಿಲ್ಲ, ಹೆಸರು ಬರೆದಿಲ್ಲ ಎಂದು ಜಾಹೀರಾತು ಹಾಕಿ ಬೆಲೆ ಏರಿಸುವ ರೂಢಿ ಬಂದಿದೆ. ಪೆಟ್ಟಿಗೆ ಅಂಗಡಿಯ ಕಾಲದಲ್ಲಿ ಹೆಸರು ಬರೆಯದ ಕಾಮಿಕ್ಸ್ ಎಂದರೆ ಯಾರೂ ಓದದ ಕಾಮಿಕ್ಸ್. ನಾಲ್ಕು ಹೆಸರು ಬರೆದು, ಮೂರನ್ನು ಹೊಡೆದುಹಾಕಿದ್ದರೆ ಅದು ನಾಲ್ಕು ಮನೆ ತಿರುಗಿದ ಪುಸ್ತಕ. ಈಗಿನ ಲೆಕ್ಕದಲ್ಲಿ ಅದೇ ಅದರ ದೋಷ.

ನನಗೆ ಹೆಚ್ಚು ಚಿಂತೆಯಾಗುವುದು ಎರಡು ಸಂಗತಿಗಳ ಬಗ್ಗೆ. ಬೆಲೆ ಏರಿದಾಗ ಅದು ಗುಜರಿಯವನವರೆಗೆ ಇಳಿದು ಬರುವುದಿಲ್ಲ. ಅವನು ಕೊಂಡದ್ದೂ ಕಿಲೋ ಲೆಕ್ಕದಲ್ಲಿ, ಕೊಟ್ಟದ್ದೂ ಬಹುಪಾಲು ಅದೇ ಲೆಕ್ಕದಲ್ಲಿ. ನಡುವೆ ಫೋನಿನಲ್ಲಿ ಬೆಲೆ ನೋಡಬಲ್ಲವನು ಲಾಭ ಎತ್ತಿಕೊಳ್ಳುತ್ತಾನೆ. ಈಗ ಕೆಲವು ಗುಜರಿ ಮನೆಗಳ ಮಕ್ಕಳೇ ಓದಿಕೊಂಡು ಫೋಟೋ ತೆಗೆದು ಮಾರಾಟಕ್ಕಿಟ್ಟರೆ ಆಶ್ಚರ್ಯವಿಲ್ಲ, ಇಡಬೇಕು ಕೂಡ. ಯಾವ ಸಂಚಿಕೆ ಅಪರೂಪ ಎಂದು ಕಣ್ಣಂದಾಜಿನಲ್ಲಿ ಹೇಳಬಲ್ಲ ವಿದ್ಯೆ ಆ ಮನೆಗಳಲ್ಲಿದೆ.

ಇನ್ನೊಂದು, ಕನ್ನಡದ್ದು. ಇಂದ್ರಜಾಲ 1990ರಲ್ಲಿ ನಿಂತಿತು. ಡಿಂಗನೆಂಬ ಮಹಾಬಲ ಇಲಿಯನ್ನು ನಮ್ಮ ಮಕ್ಕಳಿಗೆ ಕೊಟ್ಟ ಬಾಲಮಂಗಳದ ಮಲಯಾಳ ಮೂಲ 2012ರಲ್ಲಿ ನಿಂತಿತು, ಕನ್ನಡದ್ದೂ ಉಳಿಯಲಿಲ್ಲ. ಚಂದಮಾಮವೂ ಹೆಚ್ಚುಕಡಿಮೆ ಅದೇ ಹೊತ್ತಿಗೆ ಮುಗಿಯಿತು. ಪೆಟ್ಟಿಗೆ ಅಂಗಡಿಯ ದಾರದಲ್ಲಿ ಆ ಜಾಗಕ್ಕೆ ಪಾನ್ ಮಸಾಲೆಯ ಸರ ಬಂದಿದೆ. ಆನ್‌ಲೈನ್ ಪೇಟೆ ಅಮೃತೂರಿಗೆ ಜಪಾನಿನ ಮಾಂಗಾ ಪುಸ್ತಕವನ್ನು, ಅಮೆರಿಕದ ವೀರರ ಗೊಂಬೆಗಳನ್ನು ತಲುಪಿಸಬಲ್ಲದು. ಅಚ್ಚಾಗದ ಕನ್ನಡ ಚಿತ್ರಕಥೆಯನ್ನು ಎಲ್ಲಿಂದ ತಂದೀತು? ಅದು ಹುಡುಕಿದ್ದನ್ನು ಕೊಡುತ್ತದೆ. ಹುಡುಕಲು ಹೆಸರು ಗೊತ್ತಿರಬೇಕು. ಹೆಸರು ಗೊತ್ತಿಲ್ಲದ ಮಗುವಿನ ಕಣ್ಣಿಗೆ ದಾರದಲ್ಲಿ ಜೋತಾಡಿ ಬೀಳುತ್ತಿದ್ದುದು ಅಂಗಡಿಯ ಪುಸ್ತಕ. 1965ರಲ್ಲಿ ಬೆಂಗಳೂರಿನ ಒಬ್ಬ ಮಾರಾಟಗಾರ ಕನ್ನಡದ ಮಕ್ಕಳು ಏನನ್ನು ಕೊಂಡಾರು ಎಂದು ಊಹಿಸಿ ಹತ್ತು ಪುಸ್ತಕ ತಂದದ್ದು ಆ ಲೋಕದ ಒಳಗಿದ್ದುದರಿಂದ. ಹಳೆಯ ಪ್ರತಿಗೆ ಎಷ್ಟೇ ಬೆಲೆ ಬರಲಿ, ಆ ಹಣದಿಂದ ಹೊಸ ಕನ್ನಡ ಕಾಮಿಕ್ಸ್ ಒಂದೂ ಅಚ್ಚಾಗುವುದಿಲ್ಲ.

ಅಂಚೆಯ ಸಂಗತಿ ಒಂದಿದೆ. ಹಳೆಯ ಪುಸ್ತಕ ಮಾರುವ ಸಣ್ಣ ವ್ಯಾಪಾರಿಗಳಿಗೆ ಆಧಾರವಾಗಿದ್ದ ರಿಜಿಸ್ಟರ್ಡ್ ಬುಕ್ ಪೋಸ್ಟ್ ಸೇವೆಯನ್ನು ಅಂಚೆ ಇಲಾಖೆ 2024ರ ಡಿಸೆಂಬರಿನಲ್ಲಿ ನಿಲ್ಲಿಸಿತು. 2025ರ ಮೇ ತಿಂಗಳಿಂದ ಜ್ಞಾನ ಪೋಸ್ಟ್ ಎಂಬ ಸೇವೆ ಬಂದಿದೆ. 300 ಗ್ರಾಂವರೆಗೆ 20 ರೂಪಾಯಿಯಿಂದ ದರ ಶುರು. ಶಿಕ್ಷಣ, ಸಮಾಜ, ಸಂಸ್ಕೃತಿ, ಧರ್ಮದ ಪುಸ್ತಕಗಳಿಗೆ ಅದು ಸಲ್ಲುತ್ತದೆ. ನಿಗದಿತ ಅವಧಿಗೊಮ್ಮೆ ಬರುವ ಪ್ರಕಟಣೆಗಳಿಗೆ ಸಲ್ಲುವುದಿಲ್ಲ. ಹಾಗಾದರೆ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ, ಈಗ ನಿಂತೇಹೋದ ಬಾಲಮಂಗಳದ ಹಳೆಯ ಸಂಚಿಕೆ ಪುಸ್ತಕವೋ ಪತ್ರಿಕೆಯೋ? ಕೌಂಟರಿನ ಗುಮಾಸ್ತರು ಹೇಳಿದ್ದೇ ತೀರ್ಪು.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳನ್ನು ಸದಸ್ಯರನ್ನಾಗಿಸಲು 'ಓದುವ ಬೆಳಕು' ಎಂಬ ಕಾರ್ಯಕ್ರಮ 2020ರ ಮಕ್ಕಳ ದಿನದಂದು ಶುರುವಾಯಿತು. ಹೋಬಳಿ ಊರುಗಳ ಮಟ್ಟಿಗೆ ದಾರದ ಬದಲಿಗೆ ಈಗ ಇರುವುದು ಆ ಕಪಾಟು. ಅಟ್ಟ ಖಾಲಿ ಮಾಡುವ ಮನೆಯವರು, ಗುಜರಿಯಲ್ಲಿ ರಾಶಿ ಬೇರ್ಪಡಿಸುವವರು, ಒಂದೇ ಸಂಚಿಕೆಯ ಎರಡು ಪ್ರತಿ ಇಟ್ಟುಕೊಂಡಿರುವ ಸಂಗ್ರಾಹಕರು ಮನಸ್ಸು ಮಾಡಿದರೆ ಅಲ್ಲಿಗೆ ಹತ್ತಿಪ್ಪತ್ತು ಹಳೆಯ ಚಿತ್ರಕಥೆ ಸೇರಿಸುವುದು ಕಷ್ಟವಲ್ಲ. ರಟ್ಟು ಹರಿದಿದ್ದರೂ, ಮೇಲೆ ನಾಲ್ಕು ಹೆಸರು ಬರೆದಿದ್ದರೂ ಅಲ್ಲಿ ಯಾರೂ ಬೆಲೆ ಇಳಿಸುವುದಿಲ್ಲ.